ಇಪ್ಪತ್ತನಾಲ್ಕನೆಯ ಮಚ್ಚು

ಮಾವನವರು ಕುರ್ಚಿಯಲ್ಲಿ ಕೂತದ್ದೇ ಈ ಎಲ್ಲ ರಂಪಕ್ಕೆ ಕಾರಣ. ಕುರ್ಚಿಯಲ್ಲಿ ಯಾರು ಕೂರುವುದಿಲ್ಲ ಹೇಳಿ? ಆದರೆ ಈ ಮಾವನವರು ಎಪ್ಪತ್ತೊಂದು ವರ್ಷ ನಿಂತೇ ಬದುಕಿದವರು. ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದವರು. ನಿವೃತ್ತಿಯಾಗಿ ಮಗಳ ಮನೆಗೆ ಬಂದ ಮೇಲೂ ಬೆಳಿಗ್ಗೆ ಐದಕ್ಕೆ ಎದ್ದು, ಒಂದು ಮಚ್ಚು ಹಿಡಿದು, ಮನೆಯ ಹಿಂದಿನ ಖಾಲಿ ಜಾಗಕ್ಕೆ ನುಗ್ಗಿ, ಮುಳ್ಳುಪೊದೆ ಸವರಿ, ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದು ಚಹಾ ಕೇಳುತ್ತಿದ್ದರು. ಅಂಥವರು ಐದು ವಾರದ ಹಿಂದೆ ಒಂದು ಸೋಮವಾರ, "ಇನ್ನು ಸಾಕಮ್ಮ, ನನ್ನ ಕೈಲಾಗಲ್ಲ" ಎಂದು ಮಗಳಿಗೆ ಹೇಳಿ ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತರು. ಕೂತವರು ಏಳಲೇ ಇಲ್ಲ.

ಈ ಮನೆಯ ಅಳಿಯ ಸರ್ವೇ ಕಚೇರಿಯಲ್ಲಿ ನಕ್ಷೆ ಗುಮಾಸ್ತ. ಆಫೀಸಿನಲ್ಲಿ ಎಲ್ಲರೂ ಅವರನ್ನು 'ನಕ್ಷೆಯವರೇ' ಎಂದು ಕರೆಯುತ್ತಿದ್ದರು, ನಾವೂ ಹಾಗೇ ಕರೆಯೋಣ. ಊರಿನ ಓಣಿ ಓಣಿಯೂ ಅವರಿಗೆ ಬಾಯಿಪಾಠ, ಆದರೆ ಎಲ್ಲ ಕಾಗದದ ಮೇಲೆ. ಕಾಲಿಟ್ಟು ನೋಡಿದ ಓಣಿ ಎರಡೋ ಮೂರೋ. ಡಾಕ್ಟರು ದಿನಾ ನಡೆಯಿರಿ ಎಂದಾಗ "ಖಂಡಿತ ಸಾರ್" ಎಂದು ಹೊಸ ಬೂಟು ತಂದು, ಡಬ್ಬಿ ಸಮೇತ ಬೀರುವಿನ ಮೇಲಿಟ್ಟು, "ನಾಳೆಯಿಂದ ನೋಡು" ಎಂದು ಹೆಂಡತಿಗೆ ಹೇಳಿದ್ದರು. ಆ ನಾಳೆಗೆ ಇನ್ನೂ ಪುರುಸೊತ್ತಾಗಿರಲಿಲ್ಲ.

ಮಾವ ಕೂತದ್ದು ಮಾತ್ರ ನಕ್ಷೆಯವರ ಎದೆಗೆ ನಾಟಿತು. ಅವರ ಸ್ವಂತ ಅಪ್ಪನೂ ಗುಮಾಸ್ತರೇ. ಒಂದು ಮಧ್ಯಾಹ್ನ ಆಫೀಸಿನ ಕುರ್ಚಿಯಲ್ಲಿ ಕೂತು, ಮೇಜಿನ ಮೇಲೆ ತಲೆಯಿಟ್ಟು, ಹಾಗೇ ಹೋಗಿಬಿಟ್ಟಿದ್ದರು. ಆಗ ನಕ್ಷೆಯವರಿಗೆ ಹತ್ತೊಂಬತ್ತು. ಆವತ್ತಿನಿಂದ ಯಾರಾದರೂ ಕೂತವರು ಬೇಗ ಏಳದಿದ್ದರೆ ಅವರ ಜೀವ ಹೊಡೆದುಕೊಳ್ಳುತ್ತಿತ್ತು. ಮದುವೆಯಾಗಿ ಬಂದ ಮೇಲೆ ಈ ಮಾವನೇ ಅಪ್ಪನ ಜಾಗದಲ್ಲಿ ನಿಂತವರು. ಈಗ ಇವರೂ ಕೂತುಬಿಟ್ಟರಲ್ಲ ಎಂಬ ಚಿಂತೆಯಲ್ಲಿ ಅವರಿಗೆ ಊಟ ರುಚಿಸುತ್ತಿರಲಿಲ್ಲ.

ಹಾಗಾಗಿ ಮಾವನವರು ಕೂತಲ್ಲಿಂದ ಏನು ಕೇಳಿದರೂ ನಕ್ಷೆಯವರು ಎದ್ದು ಓಡುತ್ತಿದ್ದರು. "ಅಳಿಯಂದ್ರೇ, ಈ ಮಂಡಿ ನೋವಿನ ಮುಲಾಮು ಸೇತುವೆಯಾಚೆ ಅಂಗಡೀಲಿ ಮಾತ್ರ ಸಿಗುತ್ತೆ," ಎಂದರೆ ಸೇತುವೆಯಾಚೆಗೆ. "ಈ ಕಾಗದನ ದೊಡ್ಡ ಪೋಸ್ಟಾಫೀಸಿಗೇ ಹಾಕ್ಬೇಕು," ಎಂದರೆ ದೊಡ್ಡ ಪೋಸ್ಟಾಫೀಸಿಗೆ. ತಂದುಕೊಟ್ಟರೆ ಮುದುಕರು ದೊಡ್ಡದೊಂದು ನಿಟ್ಟುಸಿರು ಬಿಟ್ಟು ಮತ್ತೆ ಕಿಟಕಿ ನೋಡುತ್ತಿದ್ದರು.

ಆ ಮನೆಯ ಹಜಾರದ ಗೋಡೆ ತುಂಬ ಮಚ್ಚುಗಳು. ಒಟ್ಟು ಇಪ್ಪತ್ಮೂರು. ಕೊಕ್ಕಿನಂತೆ ಬಾಗಿದವು, ಪಟ್ಟಿಯಂತೆ ನೆಟ್ಟಗಿರುವವು, ಮೂಗು ದಪ್ಪದವು, ಒಂದರಂತೆ ಇನ್ನೊಂದಿಲ್ಲ. ಎಲ್ಲಿಂದ ತಂದದ್ದು ಎಂದು ಕೇಳಿದರೆ ಮಾವನವರು ಬಾಯಿ ಬಿಡುತ್ತಿರಲಿಲ್ಲ. ಸಂಗ್ರಹದ ಹುಚ್ಚಿನವರು ಎಲ್ಲರೂ ಹಾಗೇ. ಆದರೆ ಅವರದೊಂದು ಕಟ್ಟಳೆಯಿತ್ತು. ಯಾವ ಮಚ್ಚೇ ಆಗಲಿ, ಗೋಡೆಗೇರುವ ಮೊದಲು ಅವರ ಕೈಯಲ್ಲೇ ಇಡೀ ಒಂದು ದಿನ ಹೊರಗೆ ದುಡಿದಿರಬೇಕು. "ಬರೀ ಗೋಡೆಗೆ ಅಂತ ತಂದಿದ್ದು ಕ್ಯಾಲೆಂಡರು. ಬರೀ ಪೊದೆಗೆ ಅಂತ ತಂದಿದ್ದು ಸಾಮಾನು. ಎರಡಕ್ಕೂ ಆದ್ರೆ ಅದು ಮಚ್ಚು," ಎನ್ನುತ್ತಿದ್ದರು.

ಅಂಥ ಮನುಷ್ಯ ಬುಧವಾರ ಸಂಜೆ ಗೋಡೆಯತ್ತ ಕೈ ತೋರಿಸಿ, "ಅಳಿಯಂದ್ರೇ, ನಾಳೆ ಸಂಜೆ ಆ ಗುಜರಿಯವನಿಗೆ ಬರೋಕೆ ಹೇಳಿ. ಎಲ್ಲಾ ತಗೊಂಡು ಹೋಗ್ಲಿ. ಇನ್ನು ಯಾಕೆ ಇವೆಲ್ಲ?" ಎಂದುಬಿಟ್ಟರು.

ಆ ರಾತ್ರಿ ನಕ್ಷೆಯವರಿಗೆ ನಿದ್ದೆ ಬರಲಿಲ್ಲ. ಮಚ್ಚು ಹೋದರೆ ಮಾವನೂ ಹೋದಂತೆಯೇ ಲೆಕ್ಕ. ಹಾಸಿಗೆಯಲ್ಲಿ ಹೊರಳಾಡಿ ಹೊರಳಾಡಿ ಅವರು ಒಂದು ಉಪಾಯ ಹುಡುಕಿದರು. ಮುದುಕರು ಬೇಡವೆನ್ನಲಾಗದಂಥ ಇಪ್ಪತ್ತನಾಲ್ಕನೆಯ ಮಚ್ಚೊಂದನ್ನು ತಂದು ಕೈಗಿಟ್ಟರೆ? ಗೋಡೆಗೆ ಹಾಕಬೇಕೆಂದರೆ ಹೊರಗೆ ದುಡಿಸಲೇಬೇಕು, ಹೊರಗೆ ದುಡಿಸಬೇಕೆಂದರೆ ಕುರ್ಚಿ ಬಿಟ್ಟು ಏಳಲೇಬೇಕು. ಆದರೆ ಅದು ಸಂಗ್ರಹಕ್ಕೂ ಸೈ, ಪೊದೆಗೂ ಸೈ ಅನ್ನಿಸುವಂಥದ್ದಾಗಿರಬೇಕು. ಅದೂ ನಾಳೆ ಸಂಜೆಯೊಳಗೆ ಆಗಬೇಕು. ಪೆನ್ಸಿಲ್ ಕೆತ್ತುವ ಬ್ಲೇಡಿಗಿಂತ ದೊಡ್ಡದನ್ನು ಅವರು ಈ ಜನ್ಮದಲ್ಲಿ ಬೀಸಿದವರಲ್ಲ.

ಗುರುವಾರ ಬೆಳಿಗ್ಗೆ ಆರಕ್ಕೆ ಹೊರಟರೆ ಗೇಟಿನಲ್ಲೇ ಮಹಡಿ ಮನೆಯ ಮೇಷ್ಟ್ರು ಸಿಕ್ಕಿದರು. ಈ ಮೇಷ್ಟ್ರಿಗೆ ಗೊತ್ತಿಲ್ಲದ ವಿಷಯವೇ ಭೂಮಿ ಮೇಲೆ ಇರಲಿಲ್ಲ. ಗೊತ್ತಿಲ್ಲ ಎಂದು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ.

"ಏನಿವರೇ, ಸೂರ್ಯ ಹುಟ್ಟೋಕೆ ಮುಂಚೆ?"

"ಒಂದು ಮಚ್ಚು ತಗೋಬೇಕಿತ್ತು ಮೇಷ್ಟ್ರೇ."

"ಸ್ಟೀಲೇ ತಗೊಳ್ಳಿ!" ಎಂದರು ಮೇಷ್ಟ್ರು ಒಂದು ಕ್ಷಣವೂ ತಡಮಾಡದೆ. "ಫಳಫಳ ಅನ್ನೋ ಸ್ಟೀಲು. ತುಕ್ಕು ಹಿಡಿಯಲ್ಲ, ಮುಖ ಕಾಣುತ್ತೆ. ದೊಡ್ಡ ಬೀದಿ ಹಾರ್ಡ್‌ವೇರ್ ಅಂಗಡಿಯವನು ನನ್ನ ಶಿಷ್ಯ. ನನ್ನ ಹೆಸರು ಹೇಳಿ."

ಅಂಗಡಿಯವನಿಗೆ ಮೇಷ್ಟ್ರ ಹೆಸರು ಹೇಳಿದರೆ ಅವನ ಮುಖ ಹುಳ್ಳಗಾಯಿತು. ಬಹುಶಃ ಗಣಿತ ನೆನಪಾಗಿರಬೇಕು. ಆದರೂ ಗಾಜಿನ ಕಪಾಟಿನಿಂದ ಒಂದು ಮಚ್ಚು ತೆಗೆದುಕೊಟ್ಟ. ಕನ್ನಡಿಯೇ ಸರಿ. ಹಿಡಿಗೆ ಕೆಂಪು ಪ್ಲಾಸ್ಟಿಕ್ಕು, ಅದರ ಮೇಲೆ ಹುಲಿಯ ಚಿತ್ರ. ನಕ್ಷೆಯವರು ಖುಷಿಯಿಂದ, ಹೇಗೆ ಬೀಸುತ್ತೆ ನೋಡೋಣ ಎಂದು ಗಾಳಿಯಲ್ಲಿ ಒಂದು ಸಲ ಬೀಸಿದರು. ಹುಲಿ ಕೈಯಲ್ಲೇ ಉಳಿಯಿತು. ಅಲಗು ಹೋಗಿ ಮೂಲೆಯಲ್ಲಿ ಗೋಪುರದಂತೆ ಪೇರಿಸಿದ್ದ ಪ್ಲಾಸ್ಟಿಕ್ ಬಕೆಟ್ಟುಗಳ ಹೊಟ್ಟೆಗೆ ನಾಟಿಕೊಂಡಿತು.

"ಅಯ್ಯಯ್ಯೋ! ಅದು ಇಡೋದಕ್ಕೆ ಸಾರ್, ಬೀಸೋದಕ್ಕಲ್ಲ!" ಎಂದು ಅಂಗಡಿಯವನು ತಲೆ ಮೇಲೆ ಕೈಯಿಟ್ಟುಕೊಂಡ. ನಕ್ಷೆಯವರು ಬಗ್ಗಿ ನೋಡಿದರು. ಅಲಗಿನ ಬಾಲ ಹಿಡಿಯೊಳಗೆ ಒಂದು ಬೆರಳುದ್ದ ಕೂಡ ಹೋಗಿರಲಿಲ್ಲ. ಅವರು ಜೇಬಿನಿಂದ ಚೀಟಿ ತೆಗೆದು ಮೊದಲ ಪಾಠ ಬರೆದುಕೊಂಡರು: ಕಬ್ಬಿಣ ಹಿಡಿಯ ತುದಿಯವರೆಗೂ ಹೋಗಿರಬೇಕು. ತೂತಾದ ಬಕೆಟ್ಟೊಂದನ್ನು ಕೊಂಡುಕೊಳ್ಳದೆ ಬೇರೆ ದಾರಿಯಿರಲಿಲ್ಲ.

ಬಕೆಟ್ಟು ಹಿಡಿದುಕೊಂಡೇ ಎರಡು ಬೀದಿ ದಾಟಿ ಹಳೇ ಸಾಮಾನಿನ ಅಂಗಡಿಗೆ ಹೋದರು. ಸಂಗ್ರಹಕಾರರಿಗೆ ಹಳೆಯದೇ ಇಷ್ಟ ಅಲ್ಲವೇ? ಅಂಗಡಿಯಮ್ಮ ದೊಡ್ಡ ಕನ್ನಡಕದ ಹೆಂಗಸು. ಬಟ್ಟೆಯಲ್ಲಿ ಸುತ್ತಿದ್ದ ಮಚ್ಚೊಂದನ್ನು ಹಸುಗೂಸು ಎತ್ತಿದ ಹಾಗೆ ಎತ್ತಿ ತಂದಳು. ಮೈಯೆಲ್ಲ ತುಕ್ಕು.

"ನೂರೈವತ್ತು ವರ್ಷದ್ದು ಸಾರ್. ಯಾವುದೋ ಸರದಾರರ ಮನೇದು. ಇದು ತುಕ್ಕಲ್ಲ, ಇತಿಹಾಸ."

ನಕ್ಷೆಯವರು ನಕ್ಷೆ ನೋಡುವ ಕಣ್ಣಿಂದ ನೋಡಿದರು. ಮೂಲೆಯಲ್ಲಿ ಇತಿಹಾಸ ಸ್ವಲ್ಪ ಎದ್ದು ನಿಂತಿತ್ತು. ಉಗುರಿನಿಂದ ಮೆಲ್ಲಗೆ ಕೆರೆದರು. ಕೆಳಗೆ ಅಂಟಿಸಿದ್ದ ಚೀಟಿಯೊಂದು ಕಂಡಿತು. ಅದರ ಮೇಲೆ ಕೆಂಪು ಬಣ್ಣದ ಅರ್ಧ ಹುಲಿ.

ಇಬ್ಬರೂ ಒಂದು ಗಳಿಗೆ ಹುಲಿಯನ್ನೇ ನೋಡಿದರು. ಅಂಗಡಿಯಮ್ಮ ಕನ್ನಡಕ ತೆಗೆದು ಒರೆಸಿದಳು. "ಯಾರಿಗೆ ಸಾರ್ ಇದು?" ಎಂದು ಕೇಳಿದಳು. ದನಿ ಬದಲಾಗಿತ್ತು.

ನಕ್ಷೆಯವರು ಮಾವನ ಕಥೆ ಹೇಳಿದರು. ಬೆತ್ತದ ಕುರ್ಚಿ, ಕಿಟಕಿ, ಸಂಜೆ ಬರಲಿರುವ ಗುಜರಿಯವನು, ಎಲ್ಲ. ಅಂಗಡಿಯಮ್ಮ ತುಕ್ಕಿನ ಮಚ್ಚನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಬದಿಗಿಟ್ಟಳು. "ಹಾಗಾದ್ರೆ ಇಲ್ಲೆಲ್ಲ ಟೈಮ್ ಹಾಳು ಮಾಡ್ಬೇಡಿ. ಗುಡ್ಡದಾಚೆ ಒಂದು ಕುಲುಮೆ ಇದೆ. ಅವನು ಹೊಡೆದಿದ್ದು ಮಚ್ಚು. ಉಳಿದಿದ್ದೆಲ್ಲ ನನ್ನಂಥೋರ ಹೊಟ್ಟೆಪಾಡು," ಎಂದಳು. ಬಕೆಟ್ಟನ್ನು ತಾನೇ ಇಟ್ಟುಕೊಂಡಳು. ಅದಕ್ಕೂ ಒಂದು ಇತಿಹಾಸ ಹುಟ್ಟಿರಬಹುದು ಈಗ.

ಕುಲುಮೆಯ ದಾರಿ ನಕ್ಷೆಯವರಿಗೆ ಗೊತ್ತಿತ್ತು. ಹನ್ನೊಂದನೆಯ ಹಾಳೆ, ಎಡಗಡೆ, ಬರೀ ಎರಡು ಅಂಗುಲ. ಆದರೆ ಆ ಹಾಳೆಯಲ್ಲಿ ಗುಡ್ಡ ಎಂದರೆ ಒಂದು ಹೆಸರು ಮಾತ್ರ. ಅದರ ಏರು ಕಾಗದದ ಮೇಲೆ ಬಂದಿರಲಿಲ್ಲ. ಬಸ್ಸು ಗುಡ್ಡದ ಬುಡದಲ್ಲೇ ಇಳಿಸಿಬಿಟ್ಟಿತು. ಮೊದಲ ಅರ್ಧ ಅಂಗುಲಕ್ಕೇ ನಕ್ಷೆಯವರ ಅಂಗಿ ಬೆನ್ನಿಗೆ ಅಂಟಿತು. ಒಂದು ಅಂಗುಲಕ್ಕೆ ಬಂಡೆಯ ಮೇಲೆ ಕೂತು ಬಾಯಿ ಬಿಟ್ಟು ಉಸಿರೆಳೆದರು. ಕೂತಾಗ ಮಾವನ ನೆನಪಾಯಿತು. ತಟ್ಟನೆ ಎದ್ದರು. ಎದ್ದವರು ಮತ್ತೆ ಎರಡು ಸಲ ಕೂತರು ಎಂಬುದನ್ನು ಯಾರಿಗೂ ಹೇಳಬೇಡಿ.

ಕಮ್ಮಾರ ಸಣಕಲು ಆಸಾಮಿ, ಮಾತು ಕಡಿಮೆ. "ಯಾರಿಗೆ?" ಎಂದ. ಮತ್ತೆ ಕಥೆ ಹೇಳಿದ್ದಾಯಿತು. ಅರಣ್ಯ ಇಲಾಖೆ, ಇಪ್ಪತ್ಮೂರು ಮಚ್ಚು ಎಂದಾಗ ಅವನು ಸುತ್ತಿಗೆ ಕೆಳಗಿಟ್ಟ. "ಓ," ಎಂದ. ಒಳಗೆ ಹೋಗಿ ಐದು ಮಚ್ಚು ತಂದು ಗೋಣಿತಾಟಿನ ಮೇಲೆ ಸಾಲಾಗಿ ಇಟ್ಟು, "ಆರಿಸ್ಕೊಳ್ಳಿ," ಎಂದ.

"ನನಗೇನೂ ಗೊತ್ತಾಗಲ್ಲಪ್ಪ. ನೀನೇ ಒಂದು ಕೊಡು."

"ಕೊಡೋರು ನೀವು. ಆರಿಸೋದೂ ನೀವೇ."

ನಕ್ಷೆಯವರು ಮಂಡಿಯೂರಿ ಕೂತರು. ಪ್ರತಿ ಭಾನುವಾರ ಗೋಡೆಯ ಮಚ್ಚುಗಳ ಧೂಳು ಒರೆಸುವವರು ಅವರೇ. ಇಪ್ಪತ್ಮೂರರ ಅಂಚೂ ಗಡಿಗೆರೆಗಳ ಹಾಗೆ ಅವರ ತಲೆಯಲ್ಲಿತ್ತು. ಮೊದಲನೆಯದು ಗೋಡೆಯ ಏಳನೆಯದರ ತಮ್ಮ, ಬೇಡ. ಎರಡನೆಯದು ಚೆಂದವಿತ್ತು, ಆದರೆ ಬೆನ್ನು ತೆಳು. ಮುಳ್ಳಿನ ಬುಡಕ್ಕೆ ಬಿದ್ದರೆ ಬಾಗುತ್ತದೆ. ಮೂರನೆಯದರ ಭಾರವೆಲ್ಲ ಮೂಗಿನಲ್ಲಿತ್ತು. ಮಾವನ ಮಣಿಕಟ್ಟಿಗೆ ಈಗ ಅದು ಜಾಸ್ತಿ. ನಾಲ್ಕನೆಯದು ಅಡುಗೆಮನೆಗೆ ಹುಟ್ಟಿದ್ದು. ಐದನೆಯದು ನೋಡಲು ಸಾದಾ. ಒಂದೂವರೆ ಗೇಣುದ್ದದ ಅಲಗು, ನಡುವೆ ಹೊಟ್ಟೆ ಸ್ವಲ್ಪ ಇಳಿದು ತುದಿ ಮೇಲೆದ್ದಿತ್ತು. ಬೆನ್ನ ಮೇಲೆ ಸುತ್ತಿಗೆಯ ಏಟಿನ ಗುರುತುಗಳನ್ನು ಹಾಗೇ ಬಿಟ್ಟಿದ್ದ. ಕಬ್ಬಿಣ ಮರದ ಹಿಡಿಯ ತುದಿಯವರೆಗೂ ಹೋಗಿ ಮೂರು ಮೊಳೆಗಳಿಂದ ಬಂದೋಬಸ್ತಾಗಿತ್ತು. ಇಂಥ ಹೊಟ್ಟೆಯದು ಗೋಡೆಯ ಮೇಲೆ ಒಂದೂ ಇರಲಿಲ್ಲ.

"ಇದು," ಎಂದರು.

ಕಮ್ಮಾರ ತೋಳು ದಪ್ಪದ ಕೊರಡೊಂದನ್ನು ಮುಂದೆ ನಿಲ್ಲಿಸಿದ. ನಕ್ಷೆಯವರು ಕಣ್ಣು ಮುಚ್ಚಿ ಒಂದು ಏಟು ಕೊಟ್ಟರು. ಕಣ್ಣು ತೆರೆದರೆ ಕೊರಡು ಎರಡು. ಐವತ್ತು ವರ್ಷದ ಮನುಷ್ಯ ಶಾಲೆಯ ಹುಡುಗನ ಹಾಗೆ ನಕ್ಕರು. ಒರೆ ಸಿದ್ಧವಿರಲಿಲ್ಲವಾದ್ದರಿಂದ ಕಮ್ಮಾರ ಅಲಗನ್ನು ಹಳೇ ಪೇಪರಿನಲ್ಲಿ ದಪ್ಪಗೆ ಸುತ್ತಿ ಹುರಿಯಿಂದ ಬಿಗಿದುಕೊಟ್ಟ. ಹಿಡಿ ಮಾತ್ರ ಹೊರಗೇ ಉಳಿಯಿತು.

ಆಫೀಸು ತಲುಪಿದಾಗ ಹನ್ನೆರಡಾಗಿತ್ತು. ಮುಖ ಕೆಂಪು, ಕೂದಲು ಕೆದರಿತ್ತು, ಅಂಗಿಯ ಮೇಲೆ ಕುಲುಮೆಯ ಮಸಿ, ಕೈಯಲ್ಲಿ ಹಿಡಿ ಕಾಣುವ ಪೊಟ್ಟಣ. ಇಲ್ಲೊಂದು ವಿಷಯ ಹೇಳಬೇಕು. ಹಿಂದಿನ ದಿನ ಸಾಹೇಬರು, ಒಂದು ನಕ್ಷೆಯನ್ನು ತಲೆಕೆಳಗಾಗಿ ಅಂಟಿಸಿದ್ದಕ್ಕೆ ಎಲ್ಲರೆದುರು ನಕ್ಷೆಯವರಿಗೆ ನೀರಿಳಿಸಿದ್ದರು. ನಕ್ಷೆಯವರು ಅದನ್ನು ಬಾಗಿಲು ದಾಟುವ ಮೊದಲೇ ಮರೆತಿದ್ದರು. ಮರೆಯದವನು ಟಪಾಲು ವಿಭಾಗದ 'ರೇಡಿಯೋ'. ಸುದ್ದಿ ಹುಟ್ಟುವ ಮೊದಲೇ ಬಿತ್ತರಿಸುವವನಾದ್ದರಿಂದ ಅವನಿಗೆ ಆ ಹೆಸರು.

"ಏನ್ರೀ ಅದು ಕೈಯಲ್ಲಿ?" ಎಂದ ರೇಡಿಯೋ.

"ಮಚ್ಚು ಕಣ್ರೀ! ಸಾಹೇಬ್ರು ಒಳಗಿದಾರಾ?"

ರೇಡಿಯೋ ಬಾಗಿಲು ಸಿಕ್ಕದೆ ಕಿಟಕಿಯತ್ತ ಓಡಿ, ಅಲ್ಲಿಂದ ತಿರುಗಿ ಸಾಹೇಬರ ಕೋಣೆಗೆ ನುಗ್ಗಿದ. ಸಾಹೇಬರು ಚಿಕ್ಕ ವಯಸ್ಸಿನಲ್ಲಿ ಸರ್ವೇ ತಂಡದ ಜೊತೆ ಕಾಡಿನಲ್ಲಿ ಗಡಿ ಸವರಿಸಿದವರು, ಮಚ್ಚು ಬಲ್ಲವರು. ಮಾವನಿಗೆ ಕೊಡುವ ಮೊದಲು ಅವರ ಅಭಿಪ್ರಾಯ ಕೇಳೋಣ ಎಂಬುದಷ್ಟೇ ನಕ್ಷೆಯವರ ಆಸೆ. ಅವರು ಪೇಪರು ಬಿಚ್ಚುತ್ತ ಒಳಗೆ ಹೋಗುವಷ್ಟರಲ್ಲಿ ಸಾಹೇಬರು ಕಾಲಿಗೆ ಬುದ್ಧಿ ಹೇಳಿ ಪಕ್ಕದ ನಕ್ಷೆ ಕೋಣೆ ಸೇರಿ ಚಿಲಕ ಹಾಕಿಕೊಂಡಿದ್ದರು.

ನಕ್ಷೆಯವರು ಬಾಗಿಲು ತಟ್ಟಿದರು. "ಸಾರ್, ಐದೇ ನಿಮಿಷ. ಬಾಗಿಲು ತೆಗೀರಿ ಸಾರ್."

"ನಕ್ಷೆಯವರೇ," ಒಳಗಿನಿಂದ ಸಣ್ಣ ದನಿ ಬಂತು, "ನನಗೆ ಮೊಮ್ಮಕ್ಕಳಿದಾರೆ."

"ಗೊತ್ತು ಸಾರ್. ಚೆನ್ನಾಗಿದಾರಾ?"

ಒಳಗಿನಿಂದ ಚಿಲಕದ ಮೇಲೆ ಇನ್ನೊಂದು ಚಿಲಕ ಬಿತ್ತು.

"ಹದ ನೋಡ್ಬೇಕು ಸಾರ್ ನೀವು! ತೋಳು ದಪ್ಪದ ಕೊರಡು, ಒಂದೇ ಏಟು, ಎರಡು ತುಂಡು!"

ಒಳಗೆ ನಕ್ಷೆಯ ಸುರುಳಿಗಳ ಕಪಾಟು ದಡಾರನೆ ಬಿದ್ದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಬಾಗಿಲಡಿಯಿಂದ ಒಂದು ಕಾಗದ ಹೊರಗೆ ಬಂತು. ನಡುಗುವ ಅಕ್ಷರದಲ್ಲಿ, ಇವತ್ತು ಮಧ್ಯಾಹ್ನದಿಂದ ರಜೆ, ಬೇಕಿದ್ದರೆ ನಾಳೆಯೂ, ನಿನ್ನೆ ಆಡಿದ ಮಾತೆಲ್ಲ ಹಿಂದಕ್ಕೆ ತೆಗೆದುಕೊಂಡಿದ್ದೇನೆ, ನಕ್ಷೆ ತಲೆಕೆಳಗಾಗಿಯೇ ಚೆನ್ನಾಗಿದೆ ಎಂದಿತ್ತು.

"ಎಂಥ ದೊಡ್ಡ ಮನಸ್ಸು!" ಎಂದು ನಕ್ಷೆಯವರು ಕಣ್ಣೊರೆಸಿಕೊಂಡರು. ಹೊರಗೆ ಬರುವಾಗ ಎಲ್ಲರೂ ಎದ್ದು ನಿಂತು ದಾರಿ ಬಿಟ್ಟರು. ಮಾವನಿಗಾಗಿ ಇಡೀ ಆಫೀಸೇ ಮಿಡಿಯುತ್ತಿದೆ ಎಂದುಕೊಂಡು ಅವರು ಎಲ್ಲರಿಗೂ ಮಚ್ಚು ಎತ್ತಿ ನಮಸ್ಕಾರ ಮಾಡಿದರು.

ಮಚ್ಚನ್ನು ಮತ್ತೆ ಪೇಪರಿನಲ್ಲಿ ಸುತ್ತಿ, ಹುರಿ ಬಿಗಿದುಕೊಂಡು ಮನೆ ಹತ್ತಿರ ಬಂದಾಗ ಎರಡೂವರೆ. ಮುಂಬಾಗಿಲಿನಿಂದ ಹೋದರೆ ಕಿಟಕಿ ಪಕ್ಕದ ಮಾವನಿಗೆ ಪೊಟ್ಟಣ ಕಂಡುಬಿಡುತ್ತದೆ, ಗುಟ್ಟು ಬಯಲಾಗುತ್ತದೆ. ಹಾಗಾಗಿ ಹಿಂದಿನ ಓಣಿ ಹಿಡಿದರು. ಖಾಲಿ ಜಾಗದ ಮೋಟುಗೋಡೆಯ ಹತ್ತಿರ ಬಂದರೆ ಆಚೆಯಿಂದ ಖಚ್, ಖಚ್ ಎಂದು ಸದ್ದು. ಯಾರೋ ಪೊದೆ ಸವರುತ್ತಿದ್ದರು. ಗೋಡೆಯ ಮೇಲಿಂದ ಮೆಲ್ಲಗೆ ಇಣುಕಿದರು.

ಮಾವನವರು! ಬನಿಯನ್ ಹಾಕಿಕೊಂಡು, ತಲೆಗೆ ಟವೆಲು ಸುತ್ತಿ, ಎರಡೂ ಕಾಲು ಅಗಲಿಸಿ ನಿಂತು, ಗೋಡೆಯ ಹದಿನಾಲ್ಕನೆಯ ಮಚ್ಚಿನಿಂದ ಮುಳ್ಳುಪೊದೆಯನ್ನು ಬುಡಸಮೇತ ಉರುಳಿಸುತ್ತಿದ್ದರು. ಪಕ್ಕದಲ್ಲಿ ಮಗಳು ಕಲ್ಲಿನ ಮೇಲೆ ನೀರಿನ ಚೊಂಬು ಹಿಡಿದು ಕೂತಿದ್ದಳು.

"ಅಪ್ಪಾ, ಸಾಕು ಬಾ. ಇವರು ಬರೋಷ್ಟರಲ್ಲಿ ಬೆವರು ಆರ್ಬೇಕು. ಮೊನ್ನೆ ನೀನು ಏದುಸಿರು ಬಿಡ್ತಾ ಕೂತಿದ್ದೆ. ಡಾಕ್ಟ್ರನ್ನ ಕರೀತೀನಿ ಅಂತ ಇವರು ಚಪ್ಪಲೀನೂ ಹಾಕ್ಕೊಳ್ಳದೆ ಓಡಿದ್ರು."

"ಇನ್ನೂ ಮೂರು ಗಂಟೆ ಹೊತ್ತಿದೆ ಬಿಡಮ್ಮ. ಆ ಕುರ್ಚೀಲಿ ಕೂತೂ ಕೂತೂ ನನ್ನ ಸೊಂಟ ಮುರಿದೋಯ್ತು. ಕೂತಿರೋದು ಇಷ್ಟು ಕಷ್ಟ ಅಂತ ನನಗೆ ಗೊತ್ತಿರ್ಲಿಲ್ಲ. ಇನ್ನೆಷ್ಟು ದಿನ ಈ ನಾಟಕ?"

ನಕ್ಷೆಯವರಿಗೆ ಪಿತ್ತ ನೆತ್ತಿಗೇರಿತು. ನಾಟಕ! ಐದು ವಾರ ತಾನು ಸೇತುವೆ ಕಂಡದ್ದೇನು, ಪೋಸ್ಟಾಫೀಸು ಕಂಡದ್ದೇನು, ಇವತ್ತು ಗುಡ್ಡ ಹತ್ತಿ ಸತ್ತದ್ದೇನು! ಒಂದೇ ನೆಗೆತಕ್ಕೆ ಗೋಡೆ ದಾಟಿ, 'ಏನ್ರೀ ಇದು, ಅಪ್ಪ ಮಗಳು ಸೇರ್ಕೊಂಡು!' ಎಂದು ಕೂಗಬೇಕೆಂದು ಗೋಡೆಗೆ ಕಾಲಿಟ್ಟರು. ಅಷ್ಟರಲ್ಲಿ ಹೆಂಡತಿಯ ಮಾತು ಕೇಳಿಸಿತು.

"ಡಾಕ್ಟ್ರು ಕಡೇಪಕ್ಷ ಆರು ತಿಂಗಳು ನಡೀಲೇಬೇಕು ಅಂದಿದಾರಪ್ಪ. ನಾನು ಹೇಳಿದ್ರೆ ನಾಳೆ, ನಾಡಿದ್ದು. ಅವರಿಗೋಸ್ಕರ ಅವರು ಒಂದು ಹೆಜ್ಜೆ ಇಡಲ್ಲ. ಬೇರೆಯವರಿಗೆ ಅಂದ್ರೆ ಊರೆಲ್ಲ ಸುತ್ತುತಾರೆ. ಅವರಪ್ಪ ಐವತ್ತೊಂದಕ್ಕೆ ಹೋಗಿದ್ದು. ಬರೋ ತಿಂಗಳು ಇವರಿಗೆ ಐವತ್ತೊಂದು. ಆಫೀಸಿಂದ ಫೋನ್ ಬಂದ್ರೆ ಸಾಕು, ನನ್ನ ಕೈಕಾಲು ತಣ್ಣಗಾಗುತ್ತೆ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

ಮುದುಕರು ಮಚ್ಚು ನೆಲಕ್ಕೂರಿ ಮಗಳ ತಲೆ ನೇವರಿಸಿದರು. "ಅಳಬೇಡ್ವೇ. ನಾನಿದೀನಲ್ಲ, ಕೂರ್ತೀನಿ. ಆರು ತಿಂಗಳಲ್ಲ, ಆರು ವರ್ಷ ಬೇಕಾದ್ರೂ ಕೂರ್ತೀನಿ. ಗುಜರಿಗೆ ಹಾಕ್ತೀನಿ ಅಂದಾಗ ನನ್ನ ಕರುಳೇ ಕಿತ್ತು ಬಂತು ಕಣೆ, ಆದ್ರೂ ಅಂದೆ. ನೋಡು, ಬೆಳಿಗ್ಗೆ ಆರಕ್ಕೇ ಓಡಿದಾರೆ. ಆಗ್ಲೇ ಆ ಕುಲುಮೆಯವನು, ನನ್ನ ಹಳೇ ಪರಿಚಯದವನು, ಫೋನ್ ಮಾಡಿದ್ದ. ಆ ಗುಡ್ಡ ಹತ್ತಿ ಹೋಗಿದ್ರಂತೆ! ಐದರಲ್ಲಿ ಎಲ್ಲಕ್ಕಿಂತ ಒಳ್ಳೇದನ್ನೇ ಆರಿಸಿದಾರಂತೆ! ಬ್ಲೇಡು ಬಿಟ್ಟು ಬೇರೆ ಹಿಡೀದ ಕೈ!" ಎನ್ನುವಾಗ ಅವರ ದನಿಯಲ್ಲಿ ಎಂಥ ಹೆಮ್ಮೆ ಎಂದರೆ, ಸ್ವಂತ ಮಗ ಪದಕ ಗೆದ್ದು ತಂದಂತಿತ್ತು.

ನಕ್ಷೆಯವರು ಗೋಡೆಯ ಮೇಲಿಟ್ಟ ಕಾಲನ್ನು ಸದ್ದಿಲ್ಲದೆ ಕೆಳಗಿಳಿಸಿದರು. ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ತನಗಾಗಿ ಯಾರಾದರೂ ಇಷ್ಟು ಹೆದರಬಹುದು ಎಂದು ಅವರಿಗೆ ತೋಚಿಯೇ ಇರಲಿಲ್ಲ. ಕಣ್ಣು ಮಂಜಾಗಿ ಓಣಿ ಸರಿಯಾಗಿ ಕಾಣಲಿಲ್ಲ. ಈಗ ಒಳಗೆ ಹೋದರೆ ಇಬ್ಬರ ಮುಖವೂ ಸಪ್ಪಗಾಗುತ್ತದೆ. ಪಾಪ, ಮುದುಕರು ಐದು ವಾರ ಕಷ್ಟಪಟ್ಟು ಕೂತಿದ್ದಾರೆ. ಆಫೀಸು ಬಿಡುವ ಹೊತ್ತಿನವರೆಗೆ ಎಲ್ಲಾದರೂ ಇರಬೇಕು. ಎಲ್ಲಾದರೂ ಕೂರೋಣವೆಂದರೆ ಮನಸ್ಸಾಗಲಿಲ್ಲ. ಮಚ್ಚನ್ನು ಕಂಕುಳಲ್ಲಿ ಇರುಕಿಕೊಂಡು, ಕಾಗದದ ಮೇಲೆ ಮಾತ್ರ ಕಂಡಿದ್ದ ಓಣಿಗಳನ್ನು ಒಂದೊಂದಾಗಿ ನಡೆಯುತ್ತ ಹೋದರು. ಎರಡು ಕಡೆ ನಕ್ಷೆ ತಪ್ಪಿತ್ತು.

ಐದೂವರೆಗೆ ಸರಿಯಾಗಿ ಮುಂಬಾಗಿಲಿನಿಂದ ಒಳಗೆ ಬಂದರು. ಮಾವನವರು ಶಾಲು ಹೊದ್ದು ಬೆತ್ತದ ಕುರ್ಚಿಯಲ್ಲಿದ್ದರು. ಲೋಕದ ದುಃಖವೆಲ್ಲ ಮುಖದ ಮೇಲಿತ್ತು. ಹೆಂಡತಿ ಏನೂ ಅರಿಯದವಳಂತೆ ಬಟ್ಟೆ ಮಡಚುತ್ತಿದ್ದಳು.

"ಏನ್ರೀ, ಆಫೀಸಲ್ಲಿ ಕೆಲಸ ಜಾಸ್ತಿನಾ? ಸುಸ್ತಾದ ಹಾಗಿದೀರಿ."

"ಹ್ಞೂಂ ಕಣೇ. ಕುರ್ಚಿ ಬಿಟ್ಟು ಏಳೋಕೇ ಆಗ್ಲಿಲ್ಲ," ಎಂದರು ನಕ್ಷೆಯವರು. ಸುಳ್ಳು ಹೇಳುವುದು ಅಷ್ಟೇನೂ ಕಷ್ಟವಿರಲಿಲ್ಲ. ನೆಲದ ಮೇಲೆ ಕೂತು, ಹುರಿ ಬಿಚ್ಚಿ, ಮಚ್ಚನ್ನು ಎರಡೂ ಕೈಯಲ್ಲಿ ಎತ್ತಿ ಮಾವನ ತೊಡೆಯ ಮೇಲಿಟ್ಟರು.

ಮುದುಕರು ಅದನ್ನು ನೋಡಿದರು. ಲೋಕದ ದುಃಖ ಒಂದೇ ಗಳಿಗೆಯಲ್ಲಿ ಮಾಯವಾಯಿತು. ಹೆಬ್ಬೆರಳಿನಿಂದ ಅಲಗಿನ ಬಾಯಿ ಸವರಿದರು, ಬೆನ್ನ ಮೇಲಿನ ಸುತ್ತಿಗೆಯ ಗುರುತುಗಳನ್ನು ಒಂದೊಂದಾಗಿ ಮುಟ್ಟಿದರು, ಬೆರಳ ಮೇಲೆ ತೂಗಿ ನೋಡಿದರು. ಮಚ್ಚು ತಕ್ಕಡಿಯಂತೆ ನಿಂತಿತು. "ಆಹಾ," ಎಂದು ಪಿಸುಗುಟ್ಟಿದರು.

"ಗುಜರಿಯವನಿಗೆ ಬೇಡ ಅಂತ ಹೇಳ್ಲಾ ಮಾವ?"

"ಬೇಡ! ಬರ್ಲೇಬೇಡ ಅನ್ನಿ!" ಎಂದು ಮುದುಕರು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು.

ಮಗಳು ಕೆಮ್ಮಿದಳು. ಮುದುಕರಿಗೆ ನೆನಪಾಯಿತು. ಮೆಲ್ಲಗೆ ಮತ್ತೆ ಕುಸಿದು ಕೂತು, ಶಾಲು ಎಳೆದುಕೊಂಡು, ನಿಟ್ಟುಸಿರು ಬಿಟ್ಟರು. "ಚೆನ್ನಾಗೇನೋ ಇದೆ ಅಳಿಯಂದ್ರೇ. ಆದ್ರೆ ಹಿಡಿ ಒಂಚೂರು ದಪ್ಪ. ಈ ಕೈಗೆ ಹಿಡಿಸಲ್ಲ. ನಾಳೆ ಬೆಳಿಗ್ಗೆ ಎದ್ದು, ಆ ಗುಡ್ಡ ಹತ್ತಿ, ಕುಲುಮೆಯವನ ಹತ್ರ ಬದಲಾಯಿಸ್ಕೊಂಡು ಬನ್ನಿ."

ಗುಡ್ಡದ ಮಾತಾಗಲಿ ಕುಲುಮೆಯ ಮಾತಾಗಲಿ ನಕ್ಷೆಯವರು ಎತ್ತಿಯೇ ಇರಲಿಲ್ಲ. ಮಗಳು ಅಪ್ಪನನ್ನು ದುರುಗುಟ್ಟಿಕೊಂಡು ನೋಡಿದಳು. ಅಪ್ಪ ಕಿಟಕಿ ನೋಡಿದರು. ನಕ್ಷೆಯವರು ಬಗ್ಗಿ, ಇಲ್ಲದ ಧೂಳನ್ನು ಪ್ಯಾಂಟಿನಿಂದ ಕೊಡವಿಕೊಂಡರು.

"ಆಯ್ತು ಮಾವ," ಎಂದರು. "ಕೊಡಿ, ಈಗಲೇ ಸುತ್ತಿಡ್ತೀನಿ."

ಮಚ್ಚಿಗೆ ಕೈ ಹಾಕಿದರು. ಮುದುಕರು ಬಿಡಲಿಲ್ಲ. ನಕ್ಷೆಯವರು ಮೆಲ್ಲಗೆ ಎಳೆದರು. ಎಪ್ಪತ್ತೊಂದು ವರ್ಷದ, ಕೈಲಾಗದ, ಕುರ್ಚಿ ಹಿಡಿದ ಆ ಮನುಷ್ಯನ ಹಿಡಿತದಿಂದ ಮಚ್ಚು ಒಂದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇದು... ಇದು ಇಲ್ಲೇ ಇರ್ಲಿ ಬಿಡಿ," ಎಂದರು ಮಾವನವರು ಕೊನೆಗೆ, ಮಚ್ಚನ್ನು ಶಾಲಿನೊಳಗೆ ಎಳೆದುಕೊಳ್ಳುತ್ತ. "ನೀವು ಹೋಗಿ ಇನ್ನೊಂದು ಆರಿಸ್ಕೊಂಡು ಬನ್ನಿ. ಅದೂ ಸರಿಹೋಗದಿದ್ರೆ ಮಾರನೇ ದಿನ ನೋಡೋಣ."